ಲೆಕ್ಕಪುಸ್ತಕವಿಲ್ಲದ ಸೈನ್ಯ

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಪಾಠ)



ರಷ್ಯದ ಯುದ್ಧಕಾಲದ ಬಾಡಿಗೆ ಪಡೆಗಳನ್ನು ಕುರಿತು ಇಂದು ಭಾಷಣವೆಂದು ಕರಪತ್ರದಲ್ಲಿ ಅಚ್ಚಾದುದನ್ನು ನೋಡಿ ಕೆಲವು ಗೆಳೆಯರು ನಕ್ಕರಂತೆ. "ಬೋನಸ್ಸಿನ ಮಾತು ಮುಗಿದಿಲ್ಲ, ಗ್ರಾಚ್ಯುಯಿಟಿಯ ಅರ್ಜಿಗಳು ಬಿದ್ದುಕೊಂಡಿವೆ, ಇವರಿಗೆ ರಷ್ಯದ ಚಿಂತೆ" ಎಂದರಂತೆ. ಅವರು ನಕ್ಕದ್ದು ತಪ್ಪಲ್ಲ. ಆದರೆ ಆ ಹಿಮದ ದೇಶದ ಯುದ್ಧ ನಮ್ಮ ಕನ್ನಡ ಮನೆಗಳ ಬಾಗಿಲನ್ನೂ ತಟ್ಟಿ ಹೋಗಿದೆ. ಕೆಲಸ ಕೊಡಿಸುತ್ತೇವೆಂಬ ಸಿಹಿ ಮಾತಿನ ವೇಷದಲ್ಲಿ ಅದು ಬಂದಿತ್ತು.

2023ರ ಕೊನೆಯಲ್ಲಿ ಕಲಬುರಗಿ ಕಡೆಯ ಮೂವರು ಯುವಕರೂ, ಅವರ ಜೊತೆಗೆ ಗಡಿಯಾಚೆಯ ನಾರಾಯಣಪೇಟೆಯ ಒಬ್ಬ ಯುವಕನೂ ರಷ್ಯಕ್ಕೆ ಹೋದರು. ಅದಕ್ಕೆ ಮುಂಚೆ ದುಬೈಯಲ್ಲಿ ದುಡಿಯುತ್ತಿದ್ದವರೆಂದು ಪತ್ರಿಕೆಗಳು ಬರೆದವು. ಕಾವಲುಗಾರನ ಕೆಲಸ, ಸಹಾಯಕನ ಕೆಲಸ, ಕೈತುಂಬ ಸಂಬಳ, ಯುದ್ಧದ ಹತ್ತಿರಕ್ಕೂ ಹೋಗಬೇಕಾಗಿಲ್ಲ ಎಂದು ದಲ್ಲಾಳಿಗಳು ನಂಬಿಸಿದ್ದರು. ಅಲ್ಲಿ ಇಳಿದ ಮೇಲೆ ಓದಲು ಬಾರದ ರಷ್ಯನ್ ಕಾಗದಕ್ಕೆ ರುಜು ಹಾಕಿಸಿಕೊಂಡರು. ಸ್ವಲ್ಪ ದಿನ ಕವಾಯತು ಮಾಡಿಸಿ, ಕೈಗೆ ಬಂದೂಕು ಕೊಟ್ಟು, ಉಕ್ರೇನಿನ ಗಡಿಯತ್ತ ಅಟ್ಟಿದರು. 2024ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. ಅದೇ ತಿಂಗಳು ಗುಜರಾತಿನ ಯುವಕನೊಬ್ಬ ಅಲ್ಲಿ ಪ್ರಾಣ ಬಿಟ್ಟ. ಕಲಬುರಗಿಯ ಹುಡುಗರು ಪುಣ್ಯವಶಾತ್ 2024ರ ಸೆಪ್ಟೆಂಬರಿನಲ್ಲಿ ಜೀವಸಹಿತ ಮರಳಿದರು.

ಇದು ನಾಲ್ಕು ಮನೆಗಳ ಕಥೆಯಷ್ಟೇ ಆಗಿರಲಿಲ್ಲ. 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಲೆಕ್ಕ ಕೊಟ್ಟಿತು. ರಷ್ಯದ ಸೇನೆಗೆ ಸೇರಿದ ಭಾರತೀಯರ 126 ಪ್ರಕರಣಗಳು ಅದಕ್ಕೆ ತಿಳಿದಿದ್ದವು. 96 ಮಂದಿ ವಾಪಸು ಬಂದಿದ್ದರು, 12 ಮಂದಿ ಸತ್ತಿದ್ದರು, 16 ಮಂದಿ ಎಲ್ಲಿದ್ದಾರೆಂಬುದೇ ಗೊತ್ತಿರಲಿಲ್ಲ. ಆಮೇಲೂ ಇಂಥ ಪ್ರಕರಣಗಳು ನಿಲ್ಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಚಿವಾಲಯ ಮತ್ತೊಮ್ಮೆ ಎಚ್ಚರಿಕೆ ಹೇಳಬೇಕಾಯಿತು. 2024ರ ಮಾರ್ಚಿಯಲ್ಲಿ ಸಿ.ಬಿ.ಐ.ನವರು ಈ ದಲ್ಲಾಳಿಗಳ ಜಾಲವನ್ನು ಹುಡುಕಿಕೊಂಡು ಶೋಧನೆ ನಡೆಸಿದ ಊರುಗಳು ಯಾವುವು ಗೊತ್ತೇ? ದೆಹಲಿ, ಮುಂಬಯಿ, ತಿರುವನಂತಪುರ, ಅಂಬಾಲಾ, ಚಂಡೀಗಢ, ಮಧುರೈ, ಮತ್ತು ನಾವು ಕುಳಿತಿರುವ ಈ ಚೆನ್ನೈ. ಆದ್ದರಿಂದ ಇದು ನಮ್ಮ ಸಭೆಯಲ್ಲಿ ಆಡಬೇಕಾದ ಮಾತೇ ಹೌದು.

ಆ ಹುಡುಗರು ಸೇರಿದ್ದು ಯಾರ ಸೈನ್ಯ? ಮನೆಯವರು ಹೇಳಿದ್ದು ವ್ಯಾಗ್ನರ್ ಪಡೆ ಎಂದು. ಸರ್ಕಾರದ ಕಾಗದಗಳಲ್ಲಿ ಬರೆದದ್ದು ರಷ್ಯದ ಸೇನೆ ಎಂದು. ತಾನು ಯಾರ ಆಳು ಎಂಬುದೇ ಮನೆಯವರಿಗೆ ಖಚಿತವಾಗಿ ತಿಳಿಯದಂಥ ಚಾಕರಿ ಅದು. ಇದನ್ನು ನಮ್ಮ ಕಸುಬಿನ ಮಾತಿನಲ್ಲಿ ಹೇಳುತ್ತೇನೆ, ಬೇಗ ಅರ್ಥವಾಗುತ್ತದೆ.

ಹೋಟೆಲಿನಲ್ಲಿ ಎರಡು ಬಗೆಯ ಮಾಣಿಗಳನ್ನು ನಾವು ಕಂಡಿದ್ದೇವೆ. ಒಬ್ಬನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ. ಇನ್ನೊಬ್ಬನ ಹೆಸರು ಇರುವುದಿಲ್ಲ. ಇಬ್ಬರೂ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಇಬ್ಬರೂ ಅದೇ ಮೇಜನ್ನು ಒರೆಸುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಕುದಿಯುವ ಎಣ್ಣೆ ಕೈಮೇಲೆ ಬಿದ್ದ ದಿನ. ಹೆಸರಿದ್ದವನಿಗೆ ಇ.ಎಸ್.ಐ. ಉಂಟು. ಹೆಸರಿಲ್ಲದವನನ್ನು "ಇವನು ನಮ್ಮವನೇ ಅಲ್ಲ" ಎಂದು ಗಲ್ಲಾದ ಮೇಲಿದ್ದವರು ಹೇಳಬಹುದು. ಕೆಲಸ ಬೇಕು, ಹೊಣೆ ಬೇಡ ಎಂಬ ಧಣಿಗೆ ಎರಡನೆಯವನೇ ಅಚ್ಚುಮೆಚ್ಚು. ಬಾಡಿಗೆ ಸೈನ್ಯವೆಂದರೆ ಇದೇ. ದೊರೆಗೆ ಯುದ್ಧ ಬೇಕು, ಸತ್ತವರ ಹೊಣೆ ಬೇಡ. ಆಗ ಅವನು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಸಿಪಾಯಿಗಳನ್ನು ಹುಡುಕುತ್ತಾನೆ.

ಈ ವ್ಯಾಗ್ನರ್ ಪಡೆಯ ಧಣಿ ಎವ್ಗೆನಿ ಪ್ರಿಗೋಜಿನ್ ಎಂಬಾತ ನಮ್ಮ ಕಸುಬಿನವನೇ ಎಂದರೆ ನಿಮಗೆ ಆಶ್ಚರ್ಯವಾದೀತು. ಲೆನಿನ್‌ಗ್ರಾಡಿನಲ್ಲಿ ಹುಟ್ಟಿದವನು. ದರೋಡೆ ಮೊದಲಾದ ಅಪರಾಧಗಳಿಗಾಗಿ ಸುಮಾರು ಒಂಬತ್ತು ವರ್ಷ ಸೆರೆಯಲ್ಲಿದ್ದು 1990ರಲ್ಲಿ ಹೊರಬಂದ. ರೊಟ್ಟಿಯ ನಡುವೆ ಮಾಂಸದ ತುಂಡಿಟ್ಟು ಮಾರುವ ಅಂಗಡಿ ಹಾಕಿದ. ಆಮೇಲೆ ದೊಡ್ಡ ಹೋಟೆಲುಗಳನ್ನು ತೆರೆದ. ನದಿಯ ಮೇಲೆ ಹಡಗಿನಲ್ಲಿ ನಡೆಸಿದ ಅವನ ಹೋಟೆಲಿಗೆ ಅಧ್ಯಕ್ಷ ಪುಟಿನ್ ಪರದೇಶದ ಅತಿಥಿಗಳನ್ನು ಕರೆತಂದರು. ಅಲ್ಲಿಂದ ಶಾಲೆಯ ಊಟದ ಗುತ್ತಿಗೆ, ಸೈನ್ಯದ ಊಟದ ಗುತ್ತಿಗೆ. ಕಡೆಗೆ ಸೈನ್ಯಕ್ಕೆ ಊಟ ಬಡಿಸುತ್ತಿದ್ದವನು ತಾನೇ ಒಂದು ಸೈನ್ಯವನ್ನು ಗುತ್ತಿಗೆಗೆ ಹಿಡಿದ. 2014ರಲ್ಲಿ ಉಕ್ರೇನಿನ ಪೂರ್ವಭಾಗದಲ್ಲಿ ಕದನ ಹತ್ತಿದಾಗ ಆ ಪಡೆ ಕಾಣಿಸಿಕೊಂಡಿತು. ಸಿರಿಯಾ, ಆಫ್ರಿಕಾ ಎಂದು ಹಬ್ಬಿತು. ಇಷ್ಟೂ ವರ್ಷ ಅವನು ಆ ಪಡೆ ತನ್ನದಲ್ಲವೆಂದೇ ಹೇಳುತ್ತ, ಹಾಗೆ ಬರೆದ ಪತ್ರಿಕೆಯವರ ಮೇಲೆ ಮೊಕದ್ದಮೆ ಹೂಡುತ್ತ ಬಂದ. ತನ್ನದೇ ಎಂದು ಬಾಯಿಬಿಟ್ಟದ್ದು 2022ರ ಸೆಪ್ಟೆಂಬರಿನಲ್ಲಿ.

ರಷ್ಯದ ದಂಡಸಂಹಿತೆಯಲ್ಲಿ ಕೂಲಿ ಸೈನಿಕತನ ಅಪರಾಧ. ಖಾಸಗಿ ಸೈನ್ಯವೆಂಬ ವಸ್ತುವೇ ಅಲ್ಲಿನ ಕಾನೂನಿನಲ್ಲಿ ಇರಲಿಲ್ಲ. ಕಾನೂನಿನಲ್ಲಿ ಇಲ್ಲದ ಆ ಸೈನ್ಯಕ್ಕೆ 2022ರ ಮೇ ತಿಂಗಳಿಂದ 2023ರ ಮೇ ತಿಂಗಳವರೆಗೆ, ಒಂದೇ ವರ್ಷದಲ್ಲಿ, ಸರ್ಕಾರದ ಬೊಕ್ಕಸದಿಂದ 8,600 ಕೋಟಿ ರೂಬಲ್ ಹೋಯಿತು. ಇದನ್ನು ಹೇಳಿದವರು ವೈರಿಗಳಲ್ಲ. ಪುಟಿನ್ ಅವರೇ 2023ರ ಜೂನ್ 27ರಂದು ಹೇಳಿದರು.

ಆ ಪಡೆಯ ಸಿಪಾಯಿಗಳು ಎಲ್ಲಿಂದ ಬಂದರು? 2022ರಲ್ಲಿ ಪ್ರಿಗೋಜಿನ್ ಸೆರೆಮನೆಗಳಿಗೆ ಹೋಗಿ ಖೈದಿಗಳನ್ನು ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದ. ಆರು ತಿಂಗಳು ಯುದ್ಧ ಮಾಡಿ ಬದುಕಿ ಉಳಿದರೆ ಶಿಕ್ಷೆ ಮಾಫಿ, ಓಡಿಹೋದರೆ ಗುಂಡು. ಇದು ಅವನ ಕರಾರು. ಅವನೇ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 50,000 ಖೈದಿಗಳನ್ನು ಸೇರಿಸಿಕೊಂಡ. ಬಖ್ಮುತ್ ಎಂಬ ಒಂದು ಪಟ್ಟಣಕ್ಕಾಗಿ ಅವನ ಕಡೆಯ ಸುಮಾರು 20,000 ಮಂದಿ ಸತ್ತರು, ಅದರಲ್ಲಿ ಅರ್ಧದಷ್ಟು ಖೈದಿಗಳು. ಪಡೆಯನ್ನು ಬಿಟ್ಟುಹೋದವನೊಬ್ಬನನ್ನು ಕಬ್ಬಿಣದ ಸುತ್ತಿಗೆಯಿಂದ ಕೊಂದ ಚಿತ್ರ 2022ರ ನವೆಂಬರಿನಲ್ಲಿ ಎಲ್ಲ ಕಡೆ ಹರಡಿತು. ಪ್ರಿಗೋಜಿನ್ ಅದನ್ನು ಮೆಚ್ಚಿಕೊಂಡೇ ಮಾತಾಡಿದ. ವಿಚಾರಣೆ ಇಲ್ಲ, ವಕೀಲ ಇಲ್ಲ, ಮೇಲಿನ ಕೋರ್ಟು ಇಲ್ಲ. ಒಬ್ಬ ಮೇಸ್ತ್ರಿ ನಿಮಗೆ ಮೆಮೊ ಕೊಟ್ಟರೆ ನಾವು ಸಂಘದಿಂದ ಉತ್ತರ ಬರೆದು ಕೊಡುತ್ತೇವೆ. ಅಲ್ಲಿ ಉತ್ತರ ಬರೆಯುವುದಕ್ಕೆ ಯಾರಿದ್ದಾರೆ?

ಇನ್ನು ಮುಂದಿನದನ್ನು ಕೇಳಿ. 2023ರ ಜೂನ್ 10ರಂದು ರಷ್ಯದ ರಕ್ಷಣಾ ಸಚಿವಾಲಯ ಒಂದು ಆಜ್ಞೆ ಹೊರಡಿಸಿತು. ಇಂಥ ಎಲ್ಲ ಪಡೆಗಳೂ ಜುಲೈ 1ರೊಳಗೆ ಸಚಿವಾಲಯದೊಡನೆ ಕರಾರು ಬರೆದುಕೊಳ್ಳಬೇಕು, ಅಂದರೆ ಹಾಜರಿ ಪುಸ್ತಕಕ್ಕೆ ಹೆಸರು ಬರಬೇಕು. ಪ್ರಿಗೋಜಿನ್ ಒಪ್ಪಲಿಲ್ಲ. ಜೂನ್ 23ರ ರಾತ್ರಿ ದಂಗೆ ಎದ್ದ. ಮರುದಿನ ಬೆಳಗಾಗುವಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ರೊಸ್ತೋವ್ ನಗರದ ಸೇನಾ ಕಚೇರಿ ಅವನ ವಶದಲ್ಲಿತ್ತು. ಅವನ ಒಂದು ದಂಡು ಮಾಸ್ಕೋದತ್ತ ಹೊರಟು, ಇನ್ನು ಸುಮಾರು 200 ಕಿಲೋಮೀಟರು ಇದೆ ಎನ್ನುವಷ್ಟು ಹತ್ತಿರ ಬಂತು. ಇಲ್ಲಿಂದ ವಾಣಿಯಂಬಾಡಿ ಎಷ್ಟು ದೂರವೋ ಅಷ್ಟು. ದಾರಿಯಲ್ಲಿ ರಷ್ಯದ್ದೇ ಹೆಲಿಕಾಪ್ಟರುಗಳನ್ನೂ ಒಂದು ವಿಮಾನವನ್ನೂ ಹೊಡೆದು ಕೆಡವಿತು. ಬೇಲಾರೂಸಿನ ಅಧ್ಯಕ್ಷರು ನಡುವೆ ಬಂದು ರಾಜಿ ಮಾಡಿಸಿದರು. ಬೆಳಗ್ಗೆ ರಾಜದ್ರೋಹವೆಂದು ಗುಡುಗಿದ ಸರ್ಕಾರ ಸಂಜೆಗೆ ಮೊಕದ್ದಮೆ ಬೇಡವೆಂದಿತು. ಸರಿಯಾಗಿ ಎರಡು ತಿಂಗಳಿಗೆ, ಆಗಸ್ಟ್ 23ರಂದು, ಪ್ರಿಗೋಜಿನ್ ಇದ್ದ ವಿಮಾನ ಮಾಸ್ಕೋದ ಉತ್ತರಕ್ಕೆ ಬಿದ್ದು ಅದರಲ್ಲಿದ್ದ ಹತ್ತು ಮಂದಿಯೂ ಸತ್ತರು. ದೊರೆ ಸಾಕಿದ ಪಡೆ ದೊರೆಯ ಮೇಲೇ ತಿರುಗಿತು. ಸಾಕಿದವನೂ ಸಾಕಿಸಿಕೊಂಡವನೂ ಹೀಗೆ ಲೆಕ್ಕ ತೀರಿಸಿಕೊಂಡರು. ಬಖ್ಮುತ್ತಿನ ಹೊಲಗಳಲ್ಲಿ ಹೂತುಹೋದವರ ಲೆಕ್ಕವನ್ನು ಮಾತ್ರ ಯಾರೂ ತೆರೆದು ಓದಲಿಲ್ಲ.

ಯುದ್ಧ ದೊಡ್ಡದಾದಷ್ಟೂ ಇಂಥ ಗುಂಪುಗಳು ಅಣಬೆಯಂತೆ ಏಳುತ್ತವೆ. ರಷ್ಯದ ಪಕ್ಷದಲ್ಲಿ ಹಿಟ್ಲರನ ಭಕ್ತರೆಂದು ಹೆಸರಾದ ರುಸಿಚ್ ಎಂಬ ತುಕಡಿ ಉಂಟು. ಉಕ್ರೇನಿನ ಪಕ್ಷದಲ್ಲಿ ನಿಂತು 2023ರ ಮೇ ತಿಂಗಳಲ್ಲಿ ಬೆಲ್ಗೊರೋದ್ ಪ್ರಾಂತಕ್ಕೆ ನುಗ್ಗಿದ ರಷ್ಯನ್ನರ ತುಕಡಿಯೊಂದರ ನಾಯಕನೂ ಅಂಥದೇ ಬಣ್ಣದವನು. ಎರಡು ಕಡೆಯವರೂ ಎದುರಾಳಿಯನ್ನು ನಾಜಿ ಎಂದು ಬೈಯುತ್ತಾರೆ. 2023ರ ಏಪ್ರಿಲ್ 2ರಂದು ಪೀಟರ್ಸ್‌ಬರ್ಗಿನ ಒಂದು ಕಾಫಿ ಹೋಟೆಲಿನಲ್ಲಿ, ಯುದ್ಧವನ್ನು ಹೊಗಳಿ ಬರೆಯುತ್ತಿದ್ದವನೊಬ್ಬನ ಸಭೆ ನಡೆದಿದ್ದಾಗ, ಬೊಂಬೆಯೊಳಗೆ ಇಟ್ಟ ಬಾಂಬು ಸಿಡಿದು ಅವನು ಸತ್ತ, ಹತ್ತಾರು ಮಂದಿ ಗಾಯಗೊಂಡರು. ಹೋಟೆಲೆಂದರೆ ಹಸಿದವನು ಯಾರೆಂದು ಕೇಳದೆ ಬಡಿಸುವ ಜಾಗವೆಂದು ನಾವು ತಿಳಿದಿದ್ದೇವೆ. ಅದೂ ರಣರಂಗವಾಯಿತು.

2024ರ ಮಾರ್ಚ್ 22ರಂದು ಮಾಸ್ಕೋದ ಹೊರವಲಯದ ಕ್ರೋಕಸ್ ಸಭಾಭವನಕ್ಕೆ ಬಂದೂಕುಧಾರಿಗಳು ನುಗ್ಗಿ ಸಂಗೀತ ಕೇಳಲು ಬಂದಿದ್ದ 140ಕ್ಕೂ ಹೆಚ್ಚು ಜನರನ್ನು ಕೊಂದರು. ಇಸ್ಲಾಮಿಕ್ ಸ್ಟೇಟ್ ಎಂಬ ಗುಂಪು ಅದು ತನ್ನ ಕೆಲಸವೆಂದು ಹೇಳಿಕೊಂಡಿತು. ಹಿಡಿದ ನಾಲ್ವರು ಬಂದೂಕುಧಾರಿಗಳು ತಾಜಿಕಿಸ್ತಾನದವರು. ಅಂದಿನಿಂದ ಆ ಕಡೆಯಿಂದ ದುಡಿಯಲು ಬಂದ ಲಕ್ಷಾಂತರ ಜನಕ್ಕೆ ಶನಿ ಹಿಡಿಯಿತು. ತಾಜಿಕ್ ಚಾಲಕನ ಟ್ಯಾಕ್ಸಿಯನ್ನು ಜನ ಹತ್ತಲೊಲ್ಲದೆ ಹೋದರು. 2020ರಲ್ಲಿ ಹುಟ್ಟಿದ "ರಷ್ಯನ್ ಸಮುದಾಯ" ಎಂಬ ಸಂಘಟನೆಯವರು ವಲಸೆಯ ಕೆಲಸಗಾರರು ಇರುವ ವಸತಿಗಳಿಗೂ ಮಾರುಕಟ್ಟೆಗಳಿಗೂ ನುಗ್ಗಿ ತಪಾಸಣೆ ಮಾಡತೊಡಗಿದರು. ಕೆಲವು ವೇಳೆ ಪೋಲೀಸರು ಜೊತೆಗೇ ಇದ್ದರು. ಆದರೆ ಅದೇ ರಾತ್ರಿ ಆ ಭವನದಲ್ಲಿ ಜನರ ಕೋಟುಗಳನ್ನು ತೆಗೆದಿಡುವ ಕೆಲಸಕ್ಕಿದ್ದ 15 ವರ್ಷದ ಹುಡುಗನೊಬ್ಬ, ಓಡಿಹೋಗದೆ ನಿಂತು ನೂರಾರು ಜನಕ್ಕೆ ಹೊರದಾರಿ ತೋರಿಸಿ ಬಾಗಿಲು ತೆರೆದು ಬದುಕಿಸಿದ. ಅವನು ಕಿರ್ಗಿಜ್ ದೇಶದಿಂದ ದುಡಿಯಲು ಬಂದ ತಂದೆತಾಯಿಗಳ ಮಗ. ಹೊರನಾಡಿನಲ್ಲಿ ದುಡಿಯುವ ನಾವು ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿಡಬೇಕು.

ಇದೆಲ್ಲ ಪರದೇಶದ ಅವಾಂತರ, ನಮ್ಮಲ್ಲಿ ಹೀಗಿಲ್ಲ ಎಂದುಕೊಂಡು ಏಳಬೇಡಿ. ಕಲಬುರಗಿಯ ಮಾತಿನಿಂದ ಆರಂಭಿಸಿದೆ. ಅದೇ ಕಲಬುರಗಿ, ಬೀದರು, ರಾಯಚೂರು ಕಡೆಯ ಹಿರಿಯರನ್ನು ಕೇಳಿದ್ದರೆ ಖಾಸಗಿ ಪಡೆಯೆಂದರೇನೆಂದು ಅವರು ಹೇಳುತ್ತಿದ್ದರು. 1947ರಲ್ಲಿ ಹೈದರಾಬಾದಿನ ನಿಜಾಮರು ಭಾರತಕ್ಕೆ ಸೇರದೆ ಉಳಿಯಲು ನೋಡಿದಾಗ, ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರ ಪಡೆ ಬೆಳೆಯಿತು. ಸರ್ಕಾರದ ಸೈನ್ಯವಲ್ಲ, ಆದರೆ ಸರ್ಕಾರ ತಡೆಯಲಿಲ್ಲ. ಹಳ್ಳಿಗಳು ಸುಲಿಗೆಯಾದವು. ಜನ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರ, ಗದಗುಗಳ ಕಡೆಗೆ ಓಡಿದರು. 1948ರ ಮೇ ತಿಂಗಳಲ್ಲಿ ಬೀದರು ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಕೊಲೆಗಳನ್ನು ಆ ನಾಡು ಇಂದಿಗೂ ಮರೆತಿಲ್ಲ. ತಮ್ಮ ಧರ್ಮದವನನ್ನೂ ಅವರು ಬಿಡಲಿಲ್ಲ. ಭಾರತಕ್ಕೆ ಸೇರಬೇಕೆಂದು ಬರೆದ "ಇಮ್ರೋಜ್" ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು. ಮುಗಿದ ಮೇಲೆ ಆದದ್ದನ್ನು ನಾವು ಕಡಿಮೆ ಹೇಳುತ್ತೇವೆ, ಆದರೆ ಹೇಳಲೇಬೇಕು. ರಜಾಕಾರರು ಮಾಡಿದ್ದಕ್ಕೆ ಸೇಡನ್ನು ರಜಾಕಾರರಲ್ಲದ ಬಡ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರು ಎರಡೂ ಇದ್ದವು. ಆ ವರದಿ ಬಹುಕಾಲ ಕಪಾಟಿನಲ್ಲೇ ಉಳಿಯಿತು. ನಿಜಾಮರು ಮುಂದೆ ರಾಜಪ್ರಮುಖರಾದರು. ರಜ್ವಿ ಸೆರೆ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ಪಡೆಯನ್ನು ತಡೆಯದ ದೊರೆ ಉಳಿದ, ಪಡೆಯ ನಾಯಕ ಉಳಿದ. ಹೊಲದಲ್ಲಿ ದುಡಿಯುತ್ತಿದ್ದ ಹಿಂದೂ ಹೋದ, ನೇಯುತ್ತಿದ್ದ ಮುಸಲ್ಮಾನ ಹೋದ.

ಈ ಊರಿನ ವಿಷಯಕ್ಕೂ ಬರುತ್ತೇನೆ. ಶ್ರೀಲಂಕೆಯ ತಮಿಳರಿಗೆ ಆದ ಅನ್ಯಾಯ ಸುಳ್ಳಲ್ಲ. 1983ರ ಜುಲೈಯಲ್ಲಿ ಕೊಲಂಬೊದಲ್ಲಿ ಅವರ ಮನೆ, ಅಂಗಡಿಗಳನ್ನು ಸುಟ್ಟು, ಜನರನ್ನು ಕೊಂದದ್ದು ಲೋಕಕ್ಕೆಲ್ಲ ಗೊತ್ತು. ಆ ಸಂಕಟದಿಂದ ಎದ್ದ ಸಶಸ್ತ್ರ ಗುಂಪುಗಳಿಗೆ ಮದರಾಸು ತವರುಮನೆಯಾಯಿತು. ಭಾರತ ಸರ್ಕಾರವೇ ಗುಟ್ಟಾಗಿ ಅವರಿಗೆ ಶಸ್ತ್ರಾಭ್ಯಾಸ ಕೊಡಿಸಿತು. ಅದಕ್ಕೂ ಮುಂಚೆಯೇ, 1982ರ ಮೇ 19ರಂದು, ಒಂದು ಕಾಲಕ್ಕೆ ಒಂದೇ ಸಂಘಟನೆಯಲ್ಲಿದ್ದ ಪ್ರಭಾಕರನ್, ಉಮಾ ಮಹೇಶ್ವರನ್ ಇಬ್ಬರೂ ಪಾಂಡಿ ಬಜಾರಿನಲ್ಲಿ ಎದುರಾಗಿ ಗುಂಡು ಹಾರಿಸಿಕೊಂಡರು. ಪಾಂಡಿ ಬಜಾರೆಂದರೆ ನಮ್ಮವರು ಸೀರೆ ಕೊಳ್ಳಲು ಹೋಗುವ ಬೀದಿ. 1984ರ ಆಗಸ್ಟ್ 2ರ ರಾತ್ರಿ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಕೊಲಂಬೊಗೆ ಹೋಗಬೇಕಾಗಿದ್ದ ಪೆಟ್ಟಿಗೆಗಳು ಇಲ್ಲೇ ಸಿಡಿದು ಸುಮಾರು 30 ಮಂದಿ ಸತ್ತರು. 1990ರ ಜೂನ್ 19ರಂದು ಕೋಡಂಬಾಕ್ಕದ ಮನೆಯೊಂದರಲ್ಲಿ ಇನ್ನೊಂದು ತಮಿಳು ಗುಂಪಿನ ನಾಯಕ ಪದ್ಮನಾಭರನ್ನು ಸಂಗಡಿಗರೊಡನೆ ಕೊಂದರು. ಕೊಂದವರೂ ತಮಿಳರು, ಸತ್ತವರೂ ತಮಿಳರು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರೂ, ಅವರ ಸುತ್ತ ಇದ್ದ ಹತ್ತಕ್ಕೂ ಹೆಚ್ಚು ಮಂದಿಯೂ ಹತರಾದರು. ಕೊಲೆಗಾರರ ಜಾಡು ಹಿಡಿದು ಹೋದಾಗ ಅದು ಅದೇ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಮುಗಿಯಿತು.

ಆ ಬಳಿಕ ಯಾರು ತೆತ್ತರು? ಪ್ರಾಣ ಉಳಿಸಿಕೊಳ್ಳಲು ದೋಣಿಯಲ್ಲಿ ಬಂದ ಸಾಮಾನ್ಯ ನಿರಾಶ್ರಿತರು ತೆತ್ತರು. ನಿನ್ನೆಯವರೆಗೆ ನೆಂಟರಾಗಿದ್ದವರು ಶಂಕಿತರಾದರು. ಮಾಸ್ಕೋದ ತಾಜಿಕ್ ಟ್ಯಾಕ್ಸಿಯವನಿಗೆ ಆದದ್ದೇ ಶಿಬಿರದ ಈ ಬಡವನಿಗೂ ಆಯಿತು. ನಮಗೂ ಅದರ ರುಚಿ ಗೊತ್ತು. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾದಾಗ ಬೆಂಗಳೂರಿನಲ್ಲಿ ತಮಿಳು ಕೂಲಿಕಾರರ ಗುಡಿಸಲುಗಳು ಉರಿದವು. 2000ದ ಜುಲೈ 30ರಂದು ವೀರಪ್ಪನ್ ಡಾಕ್ಟರ್ ರಾಜಕುಮಾರರನ್ನು ಗಾಜನೂರಿನಿಂದ ಒಯ್ದ. ಅವನ ಜೊತೆಗೆ ತಮಿಳು ತೀವ್ರವಾದಿ ಗುಂಪಿನವರೂ ಸೇರಿ ಬೇಡಿಕೆಗಳನ್ನು ಇಟ್ಟರು. 108 ದಿನ ಇಲ್ಲಿನ ಕನ್ನಡಿಗನೂ ಅಲ್ಲಿನ ತಮಿಳನೂ ಒಂದೇ ಭಯದಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ಕಾಡಿನಲ್ಲಿದ್ದ ಆ ಗುಂಪು ಇಬ್ಬರನ್ನೂ ಕೇಳಿ ಹಾಗೆ ಮಾಡಿರಲಿಲ್ಲ.

ಇಲ್ಲಿ ಒಬ್ಬ ಯುವಕ ಎದ್ದುನಿಂತು ಕೇಳಬಹುದು: "ಸ್ವಾಮಿ, ಅರ್ಜಿ ಕೊಟ್ಟರೆ ಯಾರೂ ಕೇಳುವುದಿಲ್ಲ, ಬಂದೂಕು ಹಿಡಿದರೆ ದೆಹಲಿಯೂ ಕೇಳುತ್ತದೆ. ಹಾಗಾದರೆ ನಮ್ಮಂಥವರು ಏನು ಮಾಡಬೇಕು?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅನ್ಯಾಯವಿಲ್ಲದ ಕಡೆ ಇಂಥ ಪಡೆಗಳು ಬೇರುಬಿಡುವುದಿಲ್ಲ. ಆದರೆ ಬಂದೂಕು ಹಿಡಿದ ಗುಂಪಿನಲ್ಲಿ ನಾಯಕನನ್ನು ಯಾರು ಆರಿಸಿದರು, ಹಣ ಎಲ್ಲಿಂದ ಬಂತು, ಬೇಡವೆನಿಸಿದವನು ಬಿಟ್ಟುಹೋಗಬಹುದೇ, ಈ ಮೂರನ್ನು ಕೇಳಿ ನೋಡಿ. ಸುತ್ತಿಗೆಯೇಟು ತಿಂದ ರಷ್ಯನ್ ಖೈದಿ, ಹೈದರಾಬಾದಿನ ಸಂಪಾದಕ, ಕೋಡಂಬಾಕ್ಕದ ನಾಯಕ, ಮೂವರೂ ತಮ್ಮವರ ಕೈಯಲ್ಲೇ ಸತ್ತವರು. ಪ್ರಶ್ನೆ ಕೇಳಿದವನನ್ನು ಮೊದಲು ಕೊಲ್ಲುವುದು ಆ ಗುಂಪುಗಳ ಹುಟ್ಟುಗುಣ.

ಇದಕ್ಕೆ ಬದಲಾಗಿ ದುಡಿಯುವವರು ಕಂಡುಕೊಂಡ ದಾರಿ ಈ ಊರಿನಲ್ಲೇ ಹುಟ್ಟಿದ್ದು. 1918ರ ಏಪ್ರಿಲ್ 27ರಂದು ಪೆರಂಬೂರಿನಲ್ಲಿ, ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರು ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ನನ್ನು ಕಟ್ಟಿದರು. ಚಂದಾ, ರಸೀದಿ, ಸದಸ್ಯರ ಪಟ್ಟಿ, ಬಯಲಿನಲ್ಲಿ ಸಭೆ. ಆ ಮಿಲ್ಲು 1996ರಲ್ಲಿ ಮುಚ್ಚಿತು, ಅದರ ಕೂಗು ಈಗ ಯಾರಿಗೂ ಕೇಳುವುದಿಲ್ಲ. ಆದರೆ ಅಲ್ಲಿ ಕಲಿತ ಪಾಠ ಉಳಿದಿದೆ. ಕಹಿ ಪಾಠವೂ ಉಂಟು. 1921ರ ಮುಷ್ಕರದಲ್ಲಿ ಮೇಲ್ಜಾತಿಯ ಕೆಲಸಗಾರರಿಗೂ, ಹೊಟ್ಟೆಪಾಡಿಗಾಗಿ ಕೆಲಸಕ್ಕೆ ಮರಳಿದ ಆದಿದ್ರಾವಿಡ ಕೆಲಸಗಾರರಿಗೂ ಪುಳಿಯಂತೋಪಿನಲ್ಲಿ ಕೈಕೈ ಹತ್ತಿತು. ಗುಡಿಸಲುಗಳು ಸುಟ್ಟವು, ಪೋಲೀಸರ ಗುಂಡಿಗೆ ಜನ ಸತ್ತರು. ಅಕ್ಟೋಬರ್ ಹೊತ್ತಿಗೆ ಮುಷ್ಕರ ಮುರಿದುಬಿತ್ತು. ಯೂನಿಯನ್ನಿನ ಜಾಗದಲ್ಲಿ ಜಾತಿಯ ದಂಡುಗಳು ನಿಂತಾಗ ಗೆದ್ದದ್ದು ಕಂಪೆನಿ ಮಾತ್ರ. ಅದೇ ಕಾಲದಲ್ಲಿ ಕಂಪೆನಿ ಯೂನಿಯನ್ ನಾಯಕರ ಮೇಲೆ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು. ಆ ಅನುಭವದಿಂದಲೇ 1926ರ ಕಾರ್ಮಿಕ ಸಂಘಗಳ ಕಾಯಿದೆಗೆ ದಾರಿಯಾಯಿತು. ಸಂಘ ರಿಜಿಸ್ಟರಾಗಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು ಎಂಬ ಪದ್ಧತಿ ನೆಲೆಗೊಂಡಿತು. ನೋಡಿ, ಹಾಜರಿ ಪುಸ್ತಕಕ್ಕೆ ಹೆಸರು ಬರೆ ಎಂದಾಗ ಪ್ರಿಗೋಜಿನ್ ದಂಗೆ ಎದ್ದ. ನಮ್ಮ ಅಜ್ಜಂದಿರು ತಮ್ಮ ಸಂಘದ ಹೆಸರು ಪುಸ್ತಕಕ್ಕೆ ಬರಲಿ ಎಂದು ಹೋರಾಡಿದರು.

ಇಷ್ಟು ಕೇಳಿ ಮನೆಗೆ ಹೋಗಿ ಮಲಗಿದರೆ ಸಾಲದು. ಕೆಲವು ಕೆಲಸಗಳನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತೇನೆ.

ನಮ್ಮ ಹುಡುಗರಿಗೆ ಹೊರದೇಶದ ಕೆಲಸದ ಆಸೆ ಹುಟ್ಟುವುದು ಸಹಜ. ಹೋಟೆಲಿನ ಸಂಬಳದಲ್ಲಿ ತಂಗಿಯ ಮದುವೆ ಮಾಡಲಾಗದವನು ಬೇರೇನು ಮಾಡಿಯಾನು? ಹೋಗಬೇಡ ಎನ್ನುವುದು ನಮ್ಮ ಕೆಲಸವಲ್ಲ. ಆದರೆ ದುಡ್ಡು, ಪಾಸ್‌ಪೋರ್ಟು ಕೈಬಿಡುವ ಮುಂಚೆ ಕಾಗದಗಳನ್ನು ಸಂಘಕ್ಕೆ ತರಲಿ. ಹೊರದೇಶಕ್ಕೆ ಆಳು ಕಳಿಸುವ ಏಜೆಂಟನು 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದಲ್ಲಿ ರಿಜಿಸ್ಟರಾಗಿರಬೇಕು. ಅವನ ಹೆಸರನ್ನು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಬಹುದು. ಕೆಲಸಗಾರನಿಂದ ಅವನು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ. ಲಕ್ಷ ಕೇಳಿದರೆ ಅಲ್ಲೇ ಮೋಸವುಂಟೆಂದು ತಿಳಿಯಿರಿ. ಈ ಊರಿನಲ್ಲಿಯೇ ವಲಸೆ ರಕ್ಷಕರ ಕಚೇರಿಯೂ ಇದೆ, ಅಲ್ಲಿ ಹೋಗಿ ವಿಚಾರಿಸಲು ಸಂಘದಿಂದ ಒಬ್ಬರು ಜೊತೆಗೆ ಬರಬೇಕು. ಪ್ರವಾಸಿ ವೀಸಾದಲ್ಲಿ ಕೆಲಸ ಎಂದವನನ್ನು ನಂಬಬೇಡಿ. ಓದಲು ಬಾರದ ಭಾಷೆಯ ಕಾಗದಕ್ಕೆ, ಕತ್ತಿನ ಮೇಲೆ ಕತ್ತಿ ಇಟ್ಟರೂ, ಮೊದಲು ಓದಿಸಿ ಹೇಳಿ ಎನ್ನದೆ ರುಜು ಹಾಕಬೇಡಿ.

ಇನ್ನೊಂದು ಮಾತು ಇಲ್ಲಿಯದೇ. ನಾಳೆ ಮತ್ತೆ ನೀರಿನ ಜಗಳವೋ ಭಾಷೆಯ ಜಗಳವೋ ಎದ್ದರೆ, ನಮ್ಮವರ ರಕ್ಷಣೆಗೆ ದಂಡು ಕಟ್ಟುತ್ತೇವೆ, ಹಣ ಕೊಡಿ ಎಂದು ಯಾರಾದರೂ ಹೋಟೆಲು ಹೋಟೆಲಿಗೆ ಬಂದಾರು. ರಸೀದಿ ಪುಸ್ತಕ ತೋರಿಸಿ, ಸದಸ್ಯರ ಪಟ್ಟಿ ತೋರಿಸಿ, ಕಳೆದ ವರ್ಷದ ಲೆಕ್ಕ ತೋರಿಸಿ ಎಂದು ಕೇಳಿ. ತೋರಿಸಲಾಗದವರಿಗೆ ಒಂದು ಕಾಸೂ ಬೇಡ. ನಮ್ಮ ಪಕ್ಕದ ಮನೆಯ ತಮಿಳು ಕೆಲಸಗಾರನೂ ನಮ್ಮ ಹಾಗೆಯೇ ಬಾಡಿಗೆ ಕಟ್ಟುವವನು. ಅಂಥ ದಿನ ಮೊದಲು ಅವನ ಸಂಘದ ಕಾರ್ಯದರ್ಶಿಯ ಜೊತೆಗೆ ನಮ್ಮ ಕಾರ್ಯದರ್ಶಿಗಳು ಕುಳಿತು ಮಾತಾಡಬೇಕು. ಆ ಪರಿಚಯವನ್ನು ಶಾಂತಿಯಿರುವ ಈ ದಿನಗಳಲ್ಲೇ ಮಾಡಿಕೊಳ್ಳಬೇಕು.

ನಮ್ಮ ಸಂಘದ ಲೆಕ್ಕಪುಸ್ತಕ ಮೇಜಿನ ಮೇಲಿದೆ. ಸಭೆ ಮುಗಿದ ಮೇಲೆ ಯಾವ ಸದಸ್ಯರಾದರೂ ಬಂದು ತೆರೆದು ನೋಡಬಹುದು, ತಪ್ಪು ಕಂಡರೆ ಕಾರ್ಯದರ್ಶಿಗಳನ್ನು ಗಟ್ಟಿಯಾಗಿ ಕೇಳಬಹುದು. ಹೊರದೇಶಕ್ಕೆ ಹೋಗುವವರ ಕಾಗದ ಓದಿಕೊಡಲು ಭಾನುವಾರ ಮಧ್ಯಾಹ್ನ ಇಬ್ಬರು ಸದಸ್ಯರು ಕಚೇರಿಯಲ್ಲಿ ಕೂರಬೇಕೆಂಬ ಸೂಚನೆಯನ್ನು ನಿಮ್ಮ ಒಪ್ಪಿಗೆಗೆ ಇಟ್ಟು ನನ್ನ ಮಾತು ಮುಗಿಸುತ್ತೇನೆ.